ಗಂಗಕ್ಕ ಹುಳದ ಮನೆಗೆ ಕಾಲಿಟ್ಟ ಮಳೆಗಾಲ

ಕಳೆದ ತಿಂಗಳು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಒಂದು ಹಳ್ಳಿಯ ತಿರುವಿನಲ್ಲಿ ಯಾರೋ ಸತ್ತ ರೇಷ್ಮೆ ಹುಳಗಳನ್ನು ತಂದು ರಸ್ತೆ ಪಕ್ಕದ ತಿಪ್ಪೆಗೆ ಸುರಿದಿದ್ದರು. ಕಿಟಕಿಯಿಂದ ವಾಸನೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಮೂಗು ಮುಚ್ಚಿಕೊಂಡು, "ಏನಜ್ಜಿ ಸತ್ತಿರೋದು ಇಲ್ಲಿ?" ಎಂದಳು. "ರೇಷ್ಮೆ ಹುಳ ಕಣಮ್ಮ" ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ರೇಷ್ಮೆ ಹೀಗೆ ನಾರುತ್ತದೆಂದು ಸೀರೆ ಉಡುವವರಿಗೆ ಹೇಗೆ ಗೊತ್ತಾಗಬೇಕು? ಬಸ್ಸು ಮುಂದೆ ಹೋಯಿತು, ವಾಸನೆಯೂ ಹೋಯಿತು. ನನಗೆ ಮಾತ್ರ ಶಿಡ್ಲಘಟ್ಟ ಬರುವವರೆಗೂ ಅದು ಮೂಗಿನಲ್ಲೇ ಇತ್ತು.

ಅರವತ್ತು ವರ್ಷದ ಹಿಂದಿನ ಮಾತು. ಹತ್ತೊಂಬತ್ತಕ್ಕೆ ನಾನು ಚಿಂತಾಮಣಿ ಬಿಟ್ಟು ಶಿಡ್ಲಘಟ್ಟದಿಂದ ಮೂರು ಮೈಲಿ ದೂರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದೆ. ಎಂಟನೇ ಕ್ಲಾಸು ಓದಿದವಳೆಂಬ ಜಂಬ ನನಗೆ ಸಾಕಷ್ಟಿತ್ತು. ಮನೆಯಲ್ಲಿ ನಮ್ಮ ಯಜಮಾನರು, ನಮ್ಮತ್ತೆ, ಇಬ್ಬರೇ ಎಂದುಕೊಂಡಿದ್ದೆ. ಹೊಸಲಿನ ಮೇಲಿನ ಅಕ್ಕಿ ಸೇರು ಒದ್ದು ಒಳಗೆ ಬಂದ ದಿನ ಇನ್ನೊಬ್ಬರ ಸುಳಿವೇ ಇರಲಿಲ್ಲ. ಮೂರನೆಯ ದಿನ ಹಿತ್ತಿಲಿನಿಂದ ನೀರಿನ ಬಿಂದಿಗೆ ಹೊತ್ತು, ಎಲ್ಲೂ ತಡವರಿಸದೆ, ನೇರವಾಗಿ ಅಡುಗೆಮನೆಗೆ ಬಂದ ಎತ್ತರದ ಹೆಂಗಸೊಬ್ಬಳನ್ನು ಕಂಡೆ. ಮುಖದ ತುಂಬ ಸಿಡುಬಿನ ಕಲೆ. ಕಣ್ಣುಗಳ ಜಾಗದಲ್ಲಿ ಬಿಳಿ ಪೊರೆ. ನಮ್ಮ ಯಜಮಾನರ ಅಕ್ಕ, ಗಂಗಮ್ಮ. ಏಳನೆಯ ವಯಸ್ಸಿನಲ್ಲಿ ಸಿಡುಬಿನ ಅಮ್ಮ ಬಂದು ಎರಡೂ ಕಣ್ಣು ಹೋಗಿದ್ದವಂತೆ. ಹೊಸ ಸೊಸೆ ಮನೆ ತುಂಬುವಾಗ ಎದುರಾಗಬಾರದೆಂದು ಎರಡು ದಿನ ಅವಳನ್ನು ದನದ ಕೊಟ್ಟಿಗೆಯಲ್ಲಿ ಕೂರಿಸಿದ್ದರು. ಅಲ್ಲಿಗೇ ಊಟ ಕೊಟ್ಟಿದ್ದರು.

ಆಗ ನನಗೆ ಅದು ತಪ್ಪೆಂದು ಅನ್ನಿಸಲಿಲ್ಲ. ಹೀಗೆ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಅನ್ನಿಸಲಿಲ್ಲ. ಎದುರಿಗೆ ಬರದಂತೆ ನೋಡಿಕೊಂಡರಲ್ಲ, ಒಳ್ಳೆಯವರು ಎಂದುಕೊಂಡೆ.

ಗಂಗಕ್ಕ ಪಾಪದ ಪ್ರಾಣಿಯೇನಲ್ಲ. ಬಾಯಿ ಜೋರು. ನಾನು ಮೊದಲ ಸಲ ಮುದ್ದೆ ತೊಳಸಿ ಬಡಿಸಿದಾಗ ಬೆರಳಲ್ಲಿ ಒತ್ತಿ ನೋಡಿ, "ಎಂಟ್ನೇ ಕ್ಲಾಸ್ ಓದಿರೋ ಮುದ್ದೇನಾ ಇದು? ಗಂಟು ಎಣಿಸ್ಬೋದು ಕಣಮ್ಮ" ಎಂದಿದ್ದಳು. ಬಾವಿಯಿಂದ ನೀರು ಸೇದುವುದು, ರಾಗಿ ಬೀಸುವುದು, ದನಕ್ಕೆ ಮೇವು ಹಾಕುವುದು ಎಲ್ಲ ಅವಳದೇ. ಬಾವಿಗೆ ಎಷ್ಟು ಹೆಜ್ಜೆ, ಯಾವ ಕಂಬ ಎಲ್ಲಿ, ನಡುಮನೆಯ ಯಾವ ಚಪ್ಪಡಿ ಅಲುಗುತ್ತದೆ, ಅವಳ ಕಾಲಿಗೆ ಗೊತ್ತಿತ್ತು. ಯಾರಾದರೂ ಶುಭಕಾರ್ಯಕ್ಕೆ ಹೊರಟ ಸದ್ದು ಕೇಳಿದರೆ ಮಾತ್ರ ತಾನಾಗಿ ಎದ್ದು ಒಳಗೆ ಹೋಗುತ್ತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ.

ನಮ್ಮದು ಹುಳ ಸಾಕುವ ಮನೆ. ಹಿಪ್ಪುನೇರಳೆ ಸೊಪ್ಪು ಮೇಯಿಸಿ, ಹುಳ ನಾಲ್ಕು ಸಲ ಪೊರೆ ಬಿಟ್ಟು ದೊಡ್ಡದಾಗಿ, ಹಣ್ಣಾಗಿ, ಗೂಡು ಕಟ್ಟುವವರೆಗೆ ಸುಮಾರು ಒಂದು ತಿಂಗಳು ಮನೆಮಂದಿಗೆ ಬೇರೆ ಯೋಚನೆ ಇರುವುದಿಲ್ಲ. ಪೊರೆ ಬಿಡುವ ಮೊದಲು ಹುಳ ಮೇವು ಬಿಟ್ಟು ತಲೆ ಎತ್ತಿ ನಿಶ್ಚಲವಾಗಿ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳದ ಮನೆಯೆಂದರೆ ದೇವರ ಮನೆಗಿಂತ ಹೆಚ್ಚಿನ ಮಡಿ. ಹೊರಗಿನವರು ಬರುವ ಹಾಗಿಲ್ಲ, ಮುಟ್ಟಾದವರು ಬರುವ ಹಾಗಿಲ್ಲ, ಸಾವಿನ ಮನೆಗೆ ಹೋಗಿಬಂದವರು ಸ್ನಾನ ಮಾಡದೆ ಬರುವ ಹಾಗಿಲ್ಲ. ಹತ್ತಿರದಲ್ಲಿ ಒಗ್ಗರಣೆ ಹಾಕುವ ಹಾಗೂ ಇಲ್ಲ. ಗಂಗಕ್ಕನಂತೂ ಹುಟ್ಟಿದ ಮನೆಯ ಆ ಒಂದು ಕೋಣೆಯ ಹೊಸಲನ್ನು ಕಣ್ಣು ಹೋದ ಮೇಲೆ ಒಂದು ಸಲವೂ ದಾಟಿರಲಿಲ್ಲ. ಕಣ್ಣಿಲ್ಲದವಳು ಹೋದರೆ ಹುಳ ಗೂಡು ಕಟ್ಟುವುದಿಲ್ಲ ಎಂದು ಅತ್ತೆಯ ನಂಬಿಕೆ.

ಆದರೆ ಸೊಪ್ಪು ಬಿಡಿಸಿ ಕೊಡುವವಳು ಅವಳೇ. ಹೊಲದಿಂದ ಬಂದ ಹೊರೆಯನ್ನು ನಡುಮನೆಯಲ್ಲಿ ಹಾಕಿಕೊಂಡು, ಕಡ್ಡಿಯಿಂದ ಎಲೆ ಬೇರ್ಪಡಿಸಿ, ಮಣ್ಣು ಕೊಡವಿ, ಮಳೆಯಲ್ಲಿ ನೆನೆದಿದ್ದರೆ ಹಳೆಯ ಪಂಚೆಯಿಂದ ಒರೆಸಿ ಗೋಣಿ ತಾಟಿನ ಮೇಲೆ ಆರಹಾಕಿ ಕೊಡುತ್ತಿದ್ದಳು. ಅವಳ ಕೈ ಮುಟ್ಟಿದ ಸೊಪ್ಪು ಹುಳಕ್ಕೆ ಆಗುತ್ತದೆ, ಅವಳು ಮಾತ್ರ ಆಗುವುದಿಲ್ಲ. ಹುಳವೇನು ಅವಳ ಮುಖ ನೋಡುತ್ತದೆಯೇ ಎಂದು ಕೇಳುವಷ್ಟು ಬುದ್ಧಿ ಆ ಎಂಟನೇ ಕ್ಲಾಸಿನವಳಿಗೆ ಇರಲಿಲ್ಲ.

ಆ ವರ್ಷ ಉತ್ತರೆ ಮಳೆ ಜಡಿ ಹಿಡಿಯಿತು. ನನಗೆ ಐದು ತಿಂಗಳು. ನೋಡಿಕೊಂಡು ಹೋಗಲು ಬಂದ ನಮ್ಮಮ್ಮ ಹಿತ್ತಿಲಿಗೆ ಕರೆದು ಕಿವಿಯಲ್ಲಿ ಹೇಳಿದಳು: "ಬಸುರಿ ಹೆಂಗ್ಸು ಎದ್ದ ತಕ್ಷಣ ಅವಳ ಮುಖ ನೋಡ್ಬೇಡ ಕಣೇ. ಪಕ್ಕದಲ್ಲಿ ಕೂರ್ಬೇಡ. ಮಗೀಗೆ ಹಂಗೇ ಆದ್ರೆ ಏನ್ಮಾಡ್ತೀಯ?" ಅಂದಿನಿಂದ ನಾನು ಗಂಗಕ್ಕನ ಕಡೆಗೆ ಬೆನ್ನು ಹಾಕಿ ಕೂರುವುದನ್ನು ಕಲಿತೆ. ಅವಳಿಗೆ ಕಾಣುವುದಿಲ್ಲವಲ್ಲ ಎಂಬ ಧೈರ್ಯ. ಕಾಣದಿದ್ದರೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ.

ಹುಳ ನಾಲ್ಕನೇ ಜ್ವರ ಎದ್ದ ಎರಡನೆಯ ದಿನ ಮುರುಗಮಲ್ಲದ ಹತ್ತಿರದ ಊರಿನಿಂದ ಅತ್ತೆಯ ಭಾವ ತೀರಿಹೋದರೆಂದು ಸುದ್ದಿ ಬಂತು. ಅತ್ತೆ ಹೊರಟರು. ಯಜಮಾನರು ದಿನಾ ಬೆಳಿಗ್ಗೆ ಸೊಪ್ಪು ಕೊಯ್ದು ತಂದು ಹಾಕಿ, ಹುಳ ಗೂಡು ಕಟ್ಟಲು ಬೇಕಾದ ಬಿದಿರಿನ ಚಂದ್ರಂಕಿ ಹುಡುಕಿಕೊಂಡು ಶಿಡ್ಲಘಟ್ಟಕ್ಕೆ ಹೋದರೆ ಬರುವುದು ರಾತ್ರಿ. ಅದು ಹುಳ ಬಕಾಸುರನ ಹಾಗೆ ತಿನ್ನುವ ಕಾಲ. ದಿನಕ್ಕೆ ನಾಲ್ಕು ಹೊತ್ತು ಮೇವು. ಆ ಮಳೆಯಲ್ಲಿ ಬಂದ ಸೊಪ್ಪು ತೊಟ್ಟಿಕ್ಕುತ್ತಿತ್ತು. ಒದ್ದೆ ಸೊಪ್ಪು ಹಾಕಬಾರದೆಂದು ಹುಳದ ಮನೆಯ ಮಕ್ಕಳಿಗೂ ಗೊತ್ತು. ನನಗೂ ಹೇಳಿಕೊಟ್ಟಿದ್ದರು.

"ಸರೋಜಮ್ಮ, ಸೊಪ್ಪು ಇತ್ಲಾಗ್ ತಗಂಬಾ, ಒರೆಸಿ ಕೊಡ್ತೀನಿ" ಎಂದು ನಡುಮನೆಯಿಂದ ಗಂಗಕ್ಕ ಕೂಗಿದಳು.

ಹೋಗಬೇಕಿತ್ತು. ಅವಳ ಎದುರಿಗೆ ಮಂಡಿಯೂರಿ ಕೂತು, ಮುಖಕ್ಕೆ ಮುಖ ಕೊಟ್ಟು, ಒಂದು ಗಂಟೆ ಎಲೆ ಒರೆಸಬೇಕಿತ್ತು. ನನಗೆ ನಮ್ಮಮ್ಮನ ಮಾತು ನೆನಪಾಯಿತು. "ನಾನೇ ಒರೆಸಿದೀನಿ ಅಕ್ಕ, ಆರೈತೆ" ಎಂದೆ. ಹಿತ್ತಿಲ ಬಾಗಿಲಿನಿಂದ ಬುಟ್ಟಿಯನ್ನು ನೇರವಾಗಿ ಹುಳದ ಮನೆಗೆ ಹೊತ್ತುಕೊಂಡು ಹೋಗಿ, ನೀರು ಕೊಡವಿ, ತಟ್ಟೆಗಳಲ್ಲಿ ಹಳೆ ಸೊಪ್ಪಿನ ಹಾಸಿಗೆಯ ಮೇಲಿದ್ದ ಹುಳಗಳಿಗೆ ಹರಡಿದೆ. ಒಂದು ಹೊತ್ತಲ್ಲ, ಎರಡು ದಿನ. ಪ್ರತಿ ಹೊತ್ತಿಗೂ ಅವಳು ಕೇಳಿದಳು, ಪ್ರತಿ ಹೊತ್ತಿಗೂ ನಾನು ಅದೇ ಸುಳ್ಳು ಹೇಳಿದೆ. ಎರಡನೆಯ ದಿನದ ಹೊತ್ತಿಗೆ ಸುಳ್ಳು ನಾಲಿಗೆಗೆ ರೂಢಿಯಾಗಿತ್ತು.

ಹುಳ ಮೇಯುವಾಗ ಚಿಟಚಿಟ ಸದ್ದು ಬರುತ್ತದೆ. ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆಯೇ. ಆ ಎರಡು ದಿನ ನಿಜವಾದ ಮಳೆಯೂ ಬೀಳುತ್ತಿದ್ದುದರಿಂದ ನನಗೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಗಂಗಕ್ಕನಿಗೆ ತಿಳಿಯುತ್ತಿತ್ತು. ಎಷ್ಟೋ ವರ್ಷದಿಂದ ಗೋಡೆಯ ಈಚೆ ಕೂತು ಆ ಸದ್ದನ್ನು ಕೇಳಿದವಳು ಅವಳು. ಮೂರನೆಯ ದಿನ ಬೆಳಿಗ್ಗೆ ಗೋಡೆಗೆ ಕಿವಿ ಕೊಟ್ಟು, "ಹುಳ ಮೇಯ್ತಿಲ್ಲ ಕಣೇ" ಎಂದಳು. "ಸದ್ದು ಮಂಕಾಗೈತೆ. ಹಾಸಿಗೆ ಏನಾದ್ರೂ ನೆಂದೈತಾ ನೋಡು."

"ಚೆನ್ನಾಗಿ ಮೇಯ್ತಾವೆ, ನೀನು ಸುಮ್ನಿರಕ್ಕ. ನೀನೇನು ಕಂಡಿದೀಯಾ?" ಎಂದುಬಿಟ್ಟೆ.

ನಾನು ಬಟ್ಟೆ ಒಗೆಯಲು ಬಾವಿಯ ಹತ್ತಿರ ಹೋದೆ. ಅಷ್ಟು ಹೊತ್ತಿನಲ್ಲಿ ಗಂಗಕ್ಕ ಎದ್ದು, ಸೆರಗು ಬಿಗಿದು, ಕೈಕಾಲು ತೊಳೆದು, ಹುಳದ ಮನೆಯ ಹೊಸಲು ದಾಟಿದಳು. ಮೊದಲನೆಯ ತಟ್ಟೆಯ ಹಾಸಿಗೆಯ ಅಡಿಗೆ ಕೈ ಹಾಕಿದಳು. ನಾನು ವಾಪಸು ಬಂದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಆಗಷ್ಟೇ ಊರಿನಿಂದ ಬಂದಿದ್ದರು, ಕೈಯಲ್ಲಿ ಗಂಟು ಇನ್ನೂ ಹಾಗೇ ಇತ್ತು. ಒಳಗೆ ಗಂಗಕ್ಕ, ಮೊಣಕೈವರೆಗೆ ತಟ್ಟೆಯೊಳಗೆ.

"ಅಯ್ಯೋ ದೇವುಡಾ! ಮನೆ ಹಾಳು ಮಾಡಿದ್ಯಲ್ಲೇ ಗುಡ್ಡಿದಾನಾ!" ಎಂದು ಅತ್ತೆ ಅವಳ ಕುರುಡನ್ನು ತೆಲುಗಿನಲ್ಲಿ ಬೈದು ಕಿರುಚಿಕೊಂಡು ಒಳನುಗ್ಗಿ ಮಗಳ ಜುಟ್ಟು ಹಿಡಿದು ಹೊರಗೆಳೆದರು. ಸಾವಿನ ಮನೆಯಿಂದ ಬಂದು ಸ್ನಾನವಿಲ್ಲದೆ ತಾವೇ ಹುಳದ ಮನೆಗೆ ನುಗ್ಗಿದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಊರಿನವರ ಲೆಕ್ಕಕ್ಕೂ ಆಮೇಲೆ ಬರಲಿಲ್ಲ.

ಮಾರನೆಯ ದಿನ ಹುಳ ಮೆತ್ತಗಾದವು. ಬಾಯಲ್ಲಿ ನೀರು ಕಾರಿ, ತಟ್ಟೆಯ ಅಂಚಿನಲ್ಲಿ ತಲೆ ಕೆಳಗಾಗಿ ಜೋತುಬಿದ್ದವು. ಸಂಜೆಗೆ ಕಪ್ಪಾದವು. ಸಪ್ಪೆ ರೋಗ. ಇನ್ನು ನಾಲ್ಕೈದು ದಿನ ಕಳೆದಿದ್ದರೆ ಹಣ್ಣಾಗಬೇಕಿದ್ದ ಹುಳಗಳನ್ನು ಯಜಮಾನರು ಬುಟ್ಟಿಬುಟ್ಟಿಯಾಗಿ ಹೊತ್ತು ತಿಪ್ಪೆಗೆ ಸುರಿದರು. ಆ ನಾತ ಮನೆಯ ಗೋಡೆಗೆ, ನಮ್ಮ ತಲೆಗೂದಲಿಗೆ, ಅನ್ನಕ್ಕೆ ಹತ್ತಿಕೊಂಡಿತು. ನನಗೆ ವಾಂತಿ ನಿಲ್ಲಲಿಲ್ಲ. ಬಸುರಿಯ ವಾಂತಿ ಎಂದು ಎಲ್ಲರೂ ನನ್ನನ್ನು ಮಲಗಿಸಿದರು.

ಹೆಂಗಸರು ಬಂದು ಕೂತರು. ಯಾರೋ ಒಬ್ಬಾಕೆ ನನ್ನ ಕಡೆ ನೋಡುತ್ತ, "ಹೊಸ ಸೊಸೆ ಕಾಲ್ಗುಣ ಹೆಂಗೋ ಏನೋ" ಎಂದು ರಾಗ ತೆಗೆದಳು. ಕಾಲ್ಗುಣ ಸರಿಯಿಲ್ಲವೆಂದು ತವರಿಗೆ ಅಟ್ಟಿಸಿಕೊಂಡವರನ್ನು ನಾನು ಕಂಡಿದ್ದೆ. ಅತ್ತೆ ತಕ್ಷಣ, "ಅವಳದ್ದೇನಿಲ್ಲ ಬಿಡಮ್ಮ. ಗಂಗಿ ಒಳಗೋಗಿದ್ದನ್ನ ನಾನೇ ಕಣ್ಣಾರೆ ಕಂಡೆ" ಎಂದರು. ಆ ಮಾತು ಕೇಳಿ ನನಗೆ ಆದದ್ದು ಸಮಾಧಾನ. ಬೇರೆ ಹೆಸರು ಅದಕ್ಕಿಲ್ಲ.

ಗಂಗಕ್ಕ ಮೂಲೆಯಿಂದ ಒಂದೇ ಒಂದು ಮಾತು ಹೇಳಿದಳು. "ಹಾಸಿಗೆ ನೆಂದಿತ್ತು. ನಾನು ಕೈ ಹಾಕೋಕ್ಕಿಂತ ಮುಂಚೇನೇ ನೆಂದಿತ್ತು."

"ನೀನು ನೋಡಿದ್ಯಾ?" ಎಂದು ಅತ್ತೆ ಗದರಿದರು. ಕೂತಿದ್ದ ಹೆಂಗಸರು ನಕ್ಕರು. ಗಂಗಕ್ಕ ಮುಖವನ್ನು ನಾನು ಮಲಗಿದ್ದ ಕಡೆಗೆ ತಿರುಗಿಸಿ ಕಾದಳು. ನಾನು ಗೋಡೆಯ ಕಡೆಗೆ ಹೊರಳಿದೆ.

ಒಂದು ವಾರದಲ್ಲಿ ತೀರ್ಮಾನವಾಯಿತು. ಮಂಚೇನಹಳ್ಳಿಯಲ್ಲಿ ಅತ್ತೆಯ ಕಡೆಯ ದೂರದ ತಂಗಿಯೊಬ್ಬಳಿದ್ದಳು, ರಾಗಿ ಬೀಸಲು ಜನ ಬೇಕಾಗಿತ್ತು. ಗಂಗಕ್ಕ ಅಲ್ಲಿಗೆ. ಅವಳು ಅಳಲಿಲ್ಲ, ತಮ್ಮನ ತೋಳು ಹಿಡಿದು ಕೇಳಿಕೊಂಡಳು. "ಬೇಡ ಕಣೋ. ಕೊಟ್ಟಿಗೇಲಿರ್ತೀನಿ, ಯಾರ ಎದುರಿಗೂ ಬರಲ್ಲ. ಈ ಮನೇಲಿ ನಂಗೆ ಕಣ್ಣೈತೆ ಕಣೋ. ಈ ಹೊಸಲು ದಾಟಿದ್ರೆ ನಾನು ಕುರುಡಿ."

ನಮ್ಮ ಯಜಮಾನರು ಕೆಟ್ಟವರಲ್ಲ. ತಾಯಿಗೆ ಎದುರಾಡಿದವರಲ್ಲ, ಅಷ್ಟೇ. ಅಕ್ಕನನ್ನು ಕರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಾಯಿಸಿ, ಬಿಟ್ಟು ಬಂದರು. ಬಂದವರು ಊಟ ಮಾಡಲಿಲ್ಲ. "ದಾರೀಲಿ ಒಂದು ಮಾತೂ ಆಡ್ಲಿಲ್ಲ ಅಕ್ಕ. ಬಸ್ಸಿಳಿದು ಎಲ್ಲಿ ಕಾಲಿಡ್ಬೇಕು ಅಂತ ಮಾತ್ರ ಕೇಳಿದ್ಲು" ಎಂದರು. ಆಗಲಾದರೂ ಹೇಳಬಹುದಿತ್ತು. ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು, ಮಗುವಿನ ನೆಪ ನನಗೆ ಸಾಕಾಯಿತು.

ಮಾಘದಲ್ಲಿ ಚಿಂತಾಮಣಿಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಸೂಲಗಿತ್ತಿ ಮಗುವನ್ನು ಕೈಗೆ ಕೊಟ್ಟಾಗ ನಾನು ಮೊದಲು ನೋಡಿದ್ದು ಕಣ್ಣು. ದೀಪ ಹತ್ತಿರ ಹಿಡಿಸಿ ನೋಡಿದೆ. ನೋಡಲು ಬಂದ ಯಜಮಾನರು ತೊಟ್ಟಿಲ ಪಕ್ಕ ಕೂತು ತಲೆ ತಗ್ಗಿಸಿಕೊಂಡೇ ಹೇಳಿದರು: ಮಂಚೇನಹಳ್ಳಿಯ ಆ ಮನೆಯವರು ಅಂಗಳದ ಹಗೇವು ತೆಗೆದಿದ್ದರಂತೆ. ನೆಲದೊಳಗೆ ರಾಗಿ ತುಂಬಿಡುವ ಆಳುದ್ದದ ಗುಂಡಿ ಅದು. ಬಾಯಿ ತೆರೆದಿಟ್ಟು ಊಟಕ್ಕೆ ಎದ್ದು ಹೋಗಿದ್ದರು. ಗಂಗಕ್ಕನಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ದಿನದವರೆಗೆ ಗಟ್ಟಿ ನೆಲವಾಗಿದ್ದ ಜಾಗದಲ್ಲಿ ಅವಳು ಹೆಜ್ಜೆ ಇಟ್ಟಳು. ಸೊಂಟದ ಕೆಳಗೆ ಮೂಳೆ ಮುರಿಯಿತು. ನಾಟಿ ವೈದ್ಯರು ಕಟ್ಟಿದರೂ ಕೂಡಲಿಲ್ಲ.

ಮೂರು ತಿಂಗಳಿಗೆ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಟಾಗ, ಮೊದಲು ಮಂಚೇನಹಳ್ಳಿಗೆ ಹೋಗೋಣ ಎಂದು ಹಟ ಹಿಡಿದೆ. ಎಳೆ ಕೂಸನ್ನು ಅಂಥ ಕಡೆಗೆ ಒಯ್ಯಬಾರದೆಂದು ನಮ್ಮಮ್ಮ ಗೋಳಾಡಿದಳು. ಮೊದಲ ಬಾರಿಗೆ ಅವಳ ಮಾತು ಮೀರಿದೆ.

ಹಿಂಬದಿಯ ಜಗಲಿಯಲ್ಲಿ ಗೋಣಿಯ ಮೇಲೆ ಅವಳನ್ನು ಮಲಗಿಸಿದ್ದರು. ತಲೆಗೆ ಎಣ್ಣೆ ಕಂಡು ಎಷ್ಟೋ ದಿನವಾಗಿತ್ತು. ನಾವು ಮಾತಾಡುವ ಮೊದಲೇ, "ಸರೋಜಾನಾ?" ಎಂದಳು. ಯಜಮಾನರು ಅಕ್ಕನ ಕಾಲಿನ ಹತ್ತಿರ ಕೂತು ಅಳಲು ಶುರುಮಾಡಿದರು. ಅವರ ಮುಂದೆಯೇ ನಾನು ಹೇಳಿದೆ. ಒದ್ದೆ ಸೊಪ್ಪು ಹಾಕಿದ್ದು ನಾನು, ಎರಡು ದಿನ, ಎಲ್ಲ ಹೊತ್ತೂ. ನಿನ್ನ ಎದುರಿಗೆ ಕೂರಬಾರದೆಂದು ಹಾಗೆ ಮಾಡಿದೆ, ಹೊಟ್ಟೆಯಲ್ಲಿದ್ದ ಮಗುವಿಗೆ ನಿನ್ನ ಹಾಗೆ ಆಗುತ್ತದೆಂದು ಹೆದರಿದ್ದೆ.

"ಗೊತ್ತಿತ್ತು" ಎಂದಳು ಗಂಗಕ್ಕ. "ಒರೆಸಿರೋ ಎಲೇನ ತಟ್ಟೆಗೆ ಹಾಕೋ ಸದ್ದೇ ಬೇರೆ. ಹಾಸಿಗೆಗೆ ಕೈ ಹಾಕ್ದಾಗ ಕೈಗೂ ಗೊತ್ತಾಯ್ತು."

"ಮತ್ತೆ ಯಾಕಕ್ಕ ನನ್ನ ಹೆಸರು ಹೇಳ್ಲಿಲ್ಲ?"

"ನಿನ್ನ ಮೇಲಿನ ಪ್ರೀತಿಗೆ ಅಂದ್ಕೋಬೇಡ. ನಾನು ಹೇಳಿದ್ರೆ ಯಾರು ನಂಬ್ತಿದ್ರು? ಕಣ್ಣಿರೋಳು ನೀನು. ನೀನೇ ಹೇಳ್ತೀಯ ಅಂತ ಕಾದೆ. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ. ಬಸ್ ಹತ್ತೋವರ್ಗೂ ಕಾದೆ ಕಣೇ."

ಆಮೇಲೆ ಎರಡೂ ಕೈ ಮುಂದೆ ಚಾಚಿ, "ಮಗು ಕೊಡು" ಎಂದಳು.

ಇಷ್ಟೆಲ್ಲ ಆದ ಮೇಲೂ ನನ್ನ ತೋಳು ಮಗುವನ್ನು ಎದೆಗೆ ಬಿಗಿಯಾಗಿ ಅವಚಿಕೊಂಡಿತು. ನಾನು ಬೇಕೆಂದು ಮಾಡಲಿಲ್ಲ. ಮಗು ಕುಯ್ಯೆಂದಿತು. ಆ ಸದ್ದು ಸಾಕಾಯಿತು ಗಂಗಕ್ಕನಿಗೆ. ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. "ಬೇಡ ಬಿಡಮ್ಮ" ಎಂದಳು. ಅವಳ ಬಾಯಲ್ಲಿ ಅಷ್ಟು ಮೆಲ್ಲಗಿನ ಮಾತು ನಾನು ಕೇಳಿರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಮತ್ತೆ ಯಾವತ್ತೂ ಆಗಿಲ್ಲ. ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿ, ಸೆರಗಿನೊಳಗಿಂದ ಆ ಕೈಗಳನ್ನು ನಾನೇ ಎಳೆದು ಮಗುವಿನ ಬೆನ್ನಿಗೆ ಇಟ್ಟೆ. ಅವಳ ಬೆರಳು ಮಗುವಿನ ಹಣೆ, ಮೂಗು, ಗಲ್ಲ ಎಲ್ಲ ಸವರಿದವು. ಕಣ್ಣನ್ನು ಮಾತ್ರ ಮುಟ್ಟಲಿಲ್ಲ. ನನ್ನ ಭಯ ಅವಳಿಗೆ ಗೊತ್ತಿತ್ತು.

ಊರಿಗೆ ಬಂದು ಹೊಸಲಿನಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದಾಗ, ನೆರೆಯ ಹೆಂಗಸರೆಲ್ಲ ಇದ್ದಾಗಲೇ ಹೇಳಿಬಿಟ್ಟೆ. ಅತ್ತೆ ಆರತಿ ತಟ್ಟೆ ಕೆಳಗಿಟ್ಟರು. "ಆದದ್ದಾಯ್ತು, ಬಾಯ್ಮುಚ್ಕೊಂಡು ಒಳಗೆ ಬಾ" ಎಂದರು. ಗಂಗಕ್ಕ ಬರುವವರೆಗೆ ಒಳಗೆ ಬರುವುದಿಲ್ಲ ಎಂದೆ. ಕಾಲ್ಗುಣದ ಮಾತು ಯಾರೋ ಎತ್ತಿದರು, ಎತ್ತಲಿ ಎಂದು ಬಿಟ್ಟೆ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಮನೆಯ ಮುಂದಿನ ಜಗಲಿಯಲ್ಲಿ ಕೂತೆ. ಯಜಮಾನರು ತಾಯಿಯ ಮುಖ ನೋಡಲಿಲ್ಲ, ಬಂದ ಕಾಲಲ್ಲೇ ತಿರುಗಿ ಹೋದರು. ಮಾರನೆಯ ಮಧ್ಯಾಹ್ನ ಬಾಡಿಗೆ ಗಾಡಿಯಲ್ಲಿ ಹುಲ್ಲು ಹಾಸಿ ಅಕ್ಕನನ್ನು ಕರೆತಂದರು.

ಗಂಗಕ್ಕ ಆಮೇಲೆ ಹನ್ನೊಂದು ವರ್ಷ ಬದುಕಿದಳು. ಬಾವಿಯವರೆಗೆ ನಡೆಯುವುದು ಮತ್ತೆ ಆಗಲಿಲ್ಲ. ಮುಂದಿನ ಬೆಳೆಗೆ ಅವಳನ್ನು ಹುಳದ ಮನೆಯೊಳಗೆ ಎತ್ತಿಕೊಂಡು ಹೋಗಿ ಕೂರಿಸಿದೆವು. ಅತ್ತೆ ಮೂರು ದಿನ ಉಪವಾಸ ಮಾಡಿದರು. ಆ ಸಲ ಗೂಡು ಚೆನ್ನಾಗಿ ಬಂತು, ಅದರ ಮುಂದಿನ ಸಲ ಕೆಟ್ಟಿತು, ಎಲ್ಲರ ಮನೆಯಲ್ಲೂ ಆಗುವ ಹಾಗೆ. ಕೆಟ್ಟಾಗ ಊರವರು ಮತ್ತೆ ಅವಳ ಕಡೆಗೇ ಬೆರಳು ತೋರಿಸಿದರು. ನನ್ನ ಮಗಳು ಅವಳ ಮಡಿಲಲ್ಲೇ ಬೆಳೆದಳು, ಅವಳಿಂದಲೇ ಹಾಡು ಕಲಿತಳು. ನನ್ನ ಜೊತೆಗೂ ಗಂಗಕ್ಕ ನಗುತ್ತಿದ್ದಳು, ಮುದ್ದೆಯನ್ನು ಹಳಿಯುತ್ತಿದ್ದಳು, ಜ್ವರ ಬಂದಾಗ ತಲೆ ಒತ್ತುತ್ತಿದ್ದಳು. ಇವಳು ನನ್ನನ್ನು ಕ್ಷಮಿಸಿದ್ದಾಳೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆದರೆ ಆ ಹನ್ನೊಂದು ವರ್ಷವೂ, ನಾನು ಸೊಪ್ಪಿನ ಬುಟ್ಟಿ ತಂದಾಗಲೆಲ್ಲ, ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಆರೈತಾ?" ಆರಿದೆ ಅಕ್ಕ ಎನ್ನುತ್ತಿದ್ದೆ. ಬಿರುಬಿಸಿಲಿನ ದಿನವಾದರೂ ಸರಿ, ಅವಳು ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ತಳದವರೆಗೂ ಕೈ ಇಳಿಸಿ, ಅಡಿಯ ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಆಮೇಲೇ "ಹಾಕು" ಎನ್ನುತ್ತಿದ್ದಳು.